ಒದ್ದೆ ಹಾಸಿಗೆಯ ಲೆಕ್ಕ: ಒಂದು ಟರ್ನೋವರ್ ಪ್ರಕರಣ

ಮೊದಲ ದೂರು ಕೂದಲಿನದು. ಬಾತ್‌ರೂಮ್ ನೆಲದ ಮೇಲೆ ಮೂರು ಉದ್ದ ಕೂದಲು, ಫೋಟೋ ಸಮೇತ. ಎರಡನೆಯದು ಒದ್ದೆ ಹಾಸಿಗೆಯದು. 'ಮಲಗಿದರೆ ತಣ್ಣಗೆ, ಸ್ವಲ್ಪ ವಾಸನೆ' ಎಂದು ಅತಿಥಿ ಬರೆದಿದ್ದರು. ಮೂರನೆಯದು ಇನ್ನೂ ವಿಚಿತ್ರ. ವಾಷಿಂಗ್ ಮೆಷಿನ್ ಬಾಗಿಲು ತೆಗೆದರೆ ಒಳಗೆ ಬೇರೆ ಯಾರೋ ಬಳಸಿದ ಟವೆಲ್‌ಗಳು, ಒದ್ದೆಯಾಗಿಯೇ ಬಿದ್ದಿವೆ.

ಮೂರೂ ಆರು ವಾರದೊಳಗೆ ಬಂದವು, ಮೂರೂ ಒಂದೇ ಮನೆಯಿಂದ. ಅದಕ್ಕೂ ಮೊದಲು ಐದು ತಿಂಗಳು ಅದೇ ಮನೆಯಿಂದ ಒಂದು ಮಾತೂ ಬಂದಿರಲಿಲ್ಲ. ಸ್ವಚ್ಛ ಮಾಡುತ್ತಿದ್ದವರು ಅದೇ ಇಬ್ಬರು, ನನ್ನ ತಂಡದವರು. ಸಾಮಾನು ಅದೇ, ಚೆಕ್‌ಲಿಸ್ಟ್ ಅದೇ.

ಮನೆ ಎಂದರೆ ಎರಡು ಬೆಡ್‌ರೂಮ್, ಎರಡು ಬಾತ್‌ರೂಮ್, ಒಂದು ಹಾಲ್, ಅಡುಗೆಮನೆ. ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಮನೆ. ಹಳೆ ಅತಿಥಿ ಬೆಳಿಗ್ಗೆ 11ಕ್ಕೆ ಬಿಡಬೇಕು, ಹೊಸಬರು ಮಧ್ಯಾಹ್ನ 3ಕ್ಕೆ ಬರುತ್ತಾರೆ. ನಡುವಿನ ನಾಲ್ಕು ಗಂಟೆ ನಮ್ಮದು. ಅಷ್ಟರೊಳಗೆ ಮನೆಯನ್ನು ಹೊಸಬರಿಗೆ ಸಿದ್ಧಮಾಡುವ ಕೆಲಸಕ್ಕೇ ಟರ್ನೋವರ್ ಎನ್ನುವುದು. ಹೋಟೆಲ್‌ನಲ್ಲಿ ಒಂದು ಕೋಣೆ ತಡವಾದರೆ ಪಕ್ಕದ್ದು ಕೊಡಬಹುದು. ಇಲ್ಲಿ ಪಕ್ಕದ್ದು ಅಂತ ಒಂದಿಲ್ಲ. ಬಾಗಿಲಿನ ಕೋಡ್ ಆಗಲೇ ಅತಿಥಿಯ ಫೋನ್‌ನಲ್ಲಿರುತ್ತದೆ, 3ಕ್ಕೆ ಅವರು ಬಂದೇ ಬರುತ್ತಾರೆ.

ಮಾಲೀಕರಿಗೆ ಸಿಟ್ಟು ಬಂದಿದ್ದರಲ್ಲಿ ತಪ್ಪಿಲ್ಲ. ಅತಿಥಿಗಳು ಮನೆ ಬುಕ್ ಮಾಡುವ ಆ್ಯಪ್ ಏರ್‌ಬಿಎನ್‌ಬಿ. ಅದರಲ್ಲಿ ಒಳ್ಳೆಯ ಮಾಲೀಕರಿಗೆ ಕೊಡುವ ಸೂಪರ್‌ಹೋಸ್ಟ್ ಪಟ್ಟ ಉಳಿಯಬೇಕಾದರೆ ಒಟ್ಟು ರೇಟಿಂಗ್ 5ಕ್ಕೆ ಕನಿಷ್ಠ 4.8 ಇರಬೇಕು. ಮೂರು ತಿಂಗಳಿಗೊಮ್ಮೆ ಅದನ್ನು ನೋಡುತ್ತಾರೆ. ಒಬ್ಬರು 3 ಸ್ಟಾರ್ ಕೊಟ್ಟರು ಅಂದುಕೊಳ್ಳಿ. ಆ ಒಂದನ್ನು ಸರಿದೂಗಿಸಿ ಸರಾಸರಿ 4.8ಕ್ಕೆ ತರಲು ಒಂಬತ್ತು ಜನ 5 ಸ್ಟಾರ್ ಕೊಡಬೇಕು. ಒಂದು ಒದ್ದೆ ಬೆಡ್‌ಶೀಟ್‌ಗೆ ಒಂಬತ್ತು ಖುಷಿಯಾದ ಕುಟುಂಬ! ಮಾಲೀಕರು ಫೋನ್‌ನಲ್ಲಿ ಹೇಳಿದ್ದು ಇಷ್ಟೇ: 'ನಿಮ್ಮವರು ಸೋಮಾರಿಗಳಾಗಿದ್ದಾರೆ. ಬದಲಾಯಿಸಿ, ಇಲ್ಲಾಂದ್ರೆ ನಾನು ನಿಮ್ಮನ್ನೇ ಬದಲಾಯಿಸ್ತೀನಿ.'

ನಿಜ ಹೇಳುತ್ತೇನೆ, ನನಗೂ ಮೊದಲು ಹಾಗೇ ಅನ್ನಿಸಿತು. ಎರಡು ದಿನ ತಂಡದ ಮೇಲೆ ರೇಗಾಡಿದೆ. ಚೆಕ್‌ಲಿಸ್ಟ್‌ಗೆ 'ಕೂದಲು ನೋಡಿ' ಎಂದು ದಪ್ಪ ಅಕ್ಷರದಲ್ಲಿ ಒಂದು ಸಾಲು ಸೇರಿಸಿದೆ. ಈ ಕೆಲಸದಲ್ಲಿರುವವರೆಲ್ಲ ಮಾಡುವ ತಪ್ಪು ಇದು. ಏನೇ ಕೆಟ್ಟರೂ ಚೆಕ್‌ಲಿಸ್ಟ್‌ಗೆ ಒಂದು ಸಾಲು. ನಮ್ಮದು ಆ ಹೊತ್ತಿಗೆ 64 ಸಾಲು ಆಗಿತ್ತು. ಯಾರೂ ಓದುತ್ತಿರಲಿಲ್ಲ, ಸುಮ್ನೆ ಟಿಕ್ ಹಾಕುತ್ತಿದ್ದರು.

ಆಮೇಲೆ ಒಂದು ದಿನ ಫೋನ್‌ನಲ್ಲಿ ಸ್ಟಾಪ್‌ವಾಚ್ ಹಾಕಿಕೊಂಡು, ಸಾಮಾನು ತೂಗುವ ಕೊಕ್ಕೆ ತಕ್ಕಡಿಯೊಂದನ್ನು ಚೀಲಕ್ಕೆ ಹಾಕಿಕೊಂಡು ನಾನೇ ಹೋದೆ. ಕೆಲಸ ಮಾಡಲಿಲ್ಲ. ಬರೀ ನೋಡಿದೆ.

ಆ ದಿನ ನಡೆದದ್ದು

ಅತಿಥಿಗಳು ಹೊರಟಿದ್ದು 11:20ಕ್ಕೆ. ಇಪ್ಪತ್ತು ನಿಮಿಷ ಅಲ್ಲೇ ಹೋಯಿತು. ನಾವು 11:25ಕ್ಕೆ ಒಳಗೆ. ಐದು ನಿಮಿಷ ಫೋಟೋ. ಒಡೆದದ್ದು, ಕಲೆಯಾದದ್ದು ಏನಾದರೂ ಇದ್ದರೆ ಮುಟ್ಟುವ ಮೊದಲೇ ಚಿತ್ರ ಬೇಕು. ಹಾನಿಯ ದುಡ್ಡು ಕೇಳಲು ಏರ್‌ಬಿಎನ್‌ಬಿಯಲ್ಲಿ ಚೆಕ್‌ಔಟ್ ಆದ ಮೇಲೆ 14 ದಿನ ಸಮಯ ಇದೆ, ಆದರೆ ನಾವು ಒರೆಸಿದ ಮೇಲೆ ತೆಗೆದ ಫೋಟೋ ಏನನ್ನೂ ತೋರಿಸುವುದಿಲ್ಲ. ಆಮೇಲೆ ಹಾಸಿಗೆಗಳ ಬಟ್ಟೆ ಬಿಚ್ಚಿದರು. 11:40ಕ್ಕೆ ಮೆಷಿನ್ ಶುರು.

ಮೆಷಿನ್ ಒಗೆಯುವುದು, ಒಣಗಿಸುವುದು ಎರಡನ್ನೂ ಮಾಡುವ ಜಾತಿಯದು. ಮುಂದೆ ದೊಡ್ಡದಾಗಿ '8 ಕೆ.ಜಿ.' ಎಂದು ಬರೆದಿದೆ. ಅದರ ಕೆಳಗೆ ಚಿಕ್ಕದಾಗಿ ಇನ್ನೊಂದು ಅಂಕಿ ಇದೆ: ಒಣಗಿಸಲು 5 ಕೆ.ಜಿ. ಇಂಥ ಮೆಷಿನ್‌ಗಳು ಹೆಚ್ಚಾಗಿ ಹೀಗೇ. ಒಗೆದಷ್ಟನ್ನು ಒಣಗಿಸುವುದಿಲ್ಲ. ಯಾಕೆಂದರೆ ಒಣಗಲು ಬಟ್ಟೆ ಡ್ರಮ್‌ನೊಳಗೆ ಸಡಿಲವಾಗಿ ಹೊರಳಾಡಬೇಕು, ಬಿಸಿ ಗಾಳಿ ನಡುವೆ ನುಗ್ಗಬೇಕು. ಒಗೆಯಲು ಅಷ್ಟು ಜಾಗ ಬೇಡ. ಇನ್ನೊಂದು ತೊಂದರೆ, ಒಣಗಿಸುತ್ತಿರುವಾಗ ಅದು ಬೇರೆ ಬಟ್ಟೆ ಒಗೆಯಲಾರದು. ಡ್ರಮ್ ಒಂದೇ ಅಲ್ವಾ.

12:40ಕ್ಕೆ ಒಗೆತ ಮುಗಿಯಿತು. ಚಿಕ್ಕ ಸೈಕಲ್, ಒಂದು ಗಂಟೆ. ನನ್ನ ಹಿರಿಯ ಸಹೋದ್ಯೋಗಿ ದಿಂಬಿನ ಕವರ್‌ಗಳನ್ನು ಹೊರಗೆಳೆದು ಇಸ್ತ್ರಿ ಟೇಬಲ್ ಮೇಲೆ ಹಾಕಿದರು. 'ಇಲ್ಲಾಂದ್ರೆ ಒಣಗಲ್ಲ' ಎಂದರು, ಸಹಜವಾಗಿ, ನನಗೆ ಗೊತ್ತೇ ಇದೆ ಎನ್ನುವ ಹಾಗೆ. ನನಗೆ ಗೊತ್ತಿರಲಿಲ್ಲ. ಅವರು ವಾರಗಳಿಂದ ಇದನ್ನೇ ಮಾಡುತ್ತಿದ್ದರು.

2 ಗಂಟೆಗೆ ಬೆಡ್‌ಶೀಟ್‌ಗಳು ಹೊರಬಂದವು. ಮುಟ್ಟಿದರೆ ಬಿಸಿ, ಒಣಗಿದ ಹಾಗೇ ಇತ್ತು. ಒಂದನ್ನು ಕೊಕ್ಕೆಗೆ ಹಾಕಿದೆ: 780 ಗ್ರಾಂ. ಬೀರುವಿನಲ್ಲಿ ಅದೇ ಅಳತೆಯ ಹೆಚ್ಚುವರಿ ಶೀಟ್ ಒಂದಿತ್ತು, ಅದನ್ನೂ ತೂಗಿದೆ: 700. ಅಂದರೆ ಸುಮಾರು 80 ಗ್ರಾಂ ನೀರು ಇನ್ನೂ ಬಟ್ಟೆಯಲ್ಲೇ ಇದೆ. ಬಿಸಿ ಬಟ್ಟೆ ಕೈಗೆ ಸುಳ್ಳು ಹೇಳುತ್ತದೆ. ಅದನ್ನು ಹಾಸಿ, ಮೇಲೆ ದಪ್ಪ ಕಂಫರ್ಟರ್ ಮುಚ್ಚಿದರೆ ತೇವ ಹೊರಗೆ ಹೋಗಲು ದಾರಿಯೇ ಇಲ್ಲ. ಇಪ್ಪತ್ತು ನಿಮಿಷ ಬಿಟ್ಟು ಅಂಗೈ ಹಿಂಭಾಗ ಇಟ್ಟು ನೋಡಿದೆ. ತಣ್ಣಗೆ ಕೊರೆಯುತ್ತಿತ್ತು. ಎರಡನೇ ದೂರು ಕಣ್ಣೆದುರೇ ಇತ್ತು.

ಮೊದಲ ದೂರೂ ಅಲ್ಲೇ ಸಿಕ್ಕಿತು. ಬೆಡ್‌ಶೀಟ್ ಬರುವವರೆಗೆ ಕೈಕಟ್ಟಿ ಕೂರಲು ಆಗುವುದಿಲ್ಲವಲ್ಲ, 1:30ಕ್ಕೇ ನೆಲ ಗುಡಿಸಿ ಒರೆಸಿ ಮುಗಿಸಿದ್ದರು. ಈಗ 2 ಗಂಟೆಯ ಮೇಲೆ ಕಂಫರ್ಟರ್ ಕೊಡವಿ ಕವರ್ ಹಾಕುತ್ತಿದ್ದಾರೆ. ಒರೆಸಿದ ನೆಲದ ಮೇಲೆ ಕೂದಲು, ನೂಲಿನ ಧೂಳು ಎಲ್ಲ ಮತ್ತೆ ಬೀಳುತ್ತಿದೆ. ಬಾತ್‌ರೂಮ್ ಬಾಗಿಲು ಮಂಚದ ಪಕ್ಕದಲ್ಲೇ. ಹಾರಿದ್ದು ಅಲ್ಲಿಗೂ ಹೋಗುತ್ತದೆ, ಇನ್ನೂ ತೇವ ಆರದ ಟೈಲ್ಸ್‌ಗೆ ಅಂಟಿಕೊಳ್ಳುತ್ತದೆ. ಒದ್ದೆ ಕೂದಲನ್ನು ಪೊರಕೆಯೂ ಎತ್ತುವುದಿಲ್ಲ, ಮಾಪ್ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಎಳೆಯುತ್ತದೆ ಅಷ್ಟೇ. ಮತ್ತೊಮ್ಮೆ ನೆಲ ನೋಡಲು ಸಮಯವೇ ಇರಲಿಲ್ಲ. ಗಡಿಯಾರ 2:40 ತೋರಿಸುತ್ತಿತ್ತು.

ಮೂರನೆಯದು? ಮೆಷಿನ್ ಅಷ್ಟರವರೆಗೂ ಬೆಡ್‌ಶೀಟ್‌ನಲ್ಲೇ ಮುಳುಗಿತ್ತು, ಟವೆಲ್‌ಗೆ ಸರದಿಯೇ ಬಂದಿರಲಿಲ್ಲ. ಹೊರಡುವ ಮೊದಲು ಟವೆಲ್ ತುಂಬಿ ಬಟನ್ ಒತ್ತಿ ಹೋಗುತ್ತಿದ್ದರು. ಮುಂದಿನ ಟರ್ನೋವರ್‌ಗೆ ಬಂದಾಗ ತೆಗೆದರಾಯಿತು ಎಂಬ ಲೆಕ್ಕ. ಅತಿಥಿಗಳು ಸಾಮಾನ್ಯವಾಗಿ ಮೆಷಿನ್ ತೆರೆಯುವುದಿಲ್ಲ. ಒಬ್ಬರು ತೆರೆದರು.

ಇನ್ನೊಂದು ವಿಷಯವನ್ನೂ ಅವತ್ತು ಕಂಡೆ, ಇದು ಯಾವ ರಿವ್ಯೂನಲ್ಲೂ ಬರದ್ದು. ಹಿರಿಯ ಸಹೋದ್ಯೋಗಿ ಟಾಯ್ಲೆಟ್‌ಗೆ ಆಸಿಡ್ ಇರುವ ಕ್ಲೀನರ್ ಹಾಕಿ ಉಜ್ಜಿದರು. ಪೂರ್ತಿ ಫ್ಲಷ್ ಮಾಡದೆ ಬ್ಲೀಚ್ ಬಾಟಲಿಗೆ ಕೈ ಹಾಕಿದರು. ನಾನು ಕೂಗಿದೆ. ಆಸಿಡ್ ಮತ್ತು ಬ್ಲೀಚ್ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ. ಕಿಟಕಿ ಇಲ್ಲದ ಬಾತ್‌ರೂಮ್‌ನಲ್ಲಿ ಅದು ಆಟದ ಮಾತಲ್ಲ. ಅವರಿಗೆ ಇದು ಗೊತ್ತಿಲ್ಲದ್ದೇನಲ್ಲ, ನಮ್ಮ ತಂಡಕ್ಕೆ ಇದನ್ನು ಹೇಳಿಕೊಟ್ಟವರೇ ಅವರು. ಅವಸರದಲ್ಲಿ ಕೈ ತಾನೇ ಓಡಿತ್ತು. ಒದ್ದೆ ಹಾಸಿಗೆಗಿಂತ ಜಾಸ್ತಿ ನನ್ನನ್ನು ಹೆದರಿಸಿದ್ದು ಇದು.

ಏನು ಬದಲಾಗಿತ್ತು

ಐದು ತಿಂಗಳು ಚೆನ್ನಾಗಿ ನಡೆದ ಮನೆ ಆರನೇ ತಿಂಗಳಿಗೆ ಯಾಕೆ ಕೆಟ್ಟಿತು? ರಾತ್ರಿ ಕೂತು ತೂಕ ಬರೆದೆ.

ಮೂರು ಬೆಡ್‌ಶೀಟ್, ಒಂದಕ್ಕೆ 700 ಗ್ರಾಂನಂತೆ 2.1 ಕೆ.ಜಿ. ಮೂರು ಕಂಫರ್ಟರ್ ಕವರ್, 1.1ರಂತೆ 3.3. ಹತ್ತು ದಿಂಬಿನ ಕವರ್ 1.5. ಹಾಸಿಗೆಯದೇ 6.9 ಕೆ.ಜಿ. ಆಯಿತು. ಇನ್ನು ಆರು ಸ್ನಾನದ ಟವೆಲ್ 3, ಆರು ಕೈ ಟವೆಲ್ 0.9, ಎರಡು ಬಾತ್ ಮ್ಯಾಟ್ 1.2, ಅಡುಗೆಮನೆ ಬಟ್ಟೆ 0.3. ಅದು 5.4. ಒಟ್ಟು 12.3 ಕೆ.ಜಿ.

ಮೂರು ಬೆಡ್‌ಶೀಟ್ ಎಂದು ಬರೆಯುವಾಗ ಪೆನ್ನು ನಿಂತಿತು. ನಾವು ಕೆಲಸ ಒಪ್ಪಿಕೊಂಡಾಗ ಇದ್ದದ್ದು ಎರಡು ಮಂಚ, ನಾಲ್ಕು ಜನ. ಹಾಲ್‌ನಲ್ಲಿ ಸೋಫಾ ಕಮ್ ಬೆಡ್ ಬಂದದ್ದು ಆಮೇಲೆ. ಹಳೆ ಲೆಕ್ಕ ಹಾಕಿದೆ. ಎರಡು ಶೀಟ್ 1.4, ಎರಡು ಕವರ್ 2.2, ಎಂಟು ದಿಂಬಿನ ಕವರ್ 1.2. ಒಟ್ಟು 4.8. ಮೆಷಿನ್ ಒಣಗಿಸುವುದು 5. ಇನ್ನೂರು ಗ್ರಾಂ ಅಂತರದಲ್ಲಿ ನಾವು ಐದು ತಿಂಗಳು ಒಳ್ಳೆಯವರಾಗಿದ್ದೆವು! ಟವೆಲ್‌ಗೆ ನಾಲ್ಕು ಜನರ ಹೆಚ್ಚುವರಿ ಸೆಟ್ ಒಂದಿತ್ತು, ಅದೂ ಸರಿಯಾಗಿ ಸಾಕಾಗುತ್ತಿತ್ತು. ಆರು ಜನ ಆದ ಕೂಡಲೇ ಎರಡು ಟವೆಲ್ ಸದಾ ಕಮ್ಮಿ.

ಇನ್ನೊಂದು ಬದಲಾವಣೆ ಕ್ಯಾಲೆಂಡರ್‌ನಲ್ಲಿತ್ತು. ಮೊದಲು ಕನಿಷ್ಠ ಎರಡು ರಾತ್ರಿ ಇರಬೇಕು ಎಂಬ ನಿಯಮ ಇತ್ತು. ಅದನ್ನು ಮಾಲೀಕರು ಒಂದು ರಾತ್ರಿಗೆ ಇಳಿಸಿದ್ದರು. ಹಾಗಾಗಿ ಒಂದೇ ದಿನ ಹೋಗುವವರು, ಬರುವವರು ಇಬ್ಬರೂ ಇರುವ ದಿನಗಳು ಹೆಚ್ಚಿದವು. ಮೊದಲು ಎಷ್ಟೋ ಸಲ ನಡುವೆ ಒಂದು ರಾತ್ರಿ ಖಾಲಿ ಇರುತ್ತಿತ್ತು, ಬಟ್ಟೆ ಸ್ಟ್ಯಾಂಡ್ ಮೇಲೆ ತಾನೇ ಒಣಗುತ್ತಿತ್ತು. ನಮ್ಮ ತಪ್ಪುಗಳನ್ನು ಆ ಖಾಲಿ ರಾತ್ರಿ ಮುಚ್ಚುತ್ತಿತ್ತು ಅಂತ ಈಗ ಅರ್ಥವಾಗುತ್ತದೆ.

ಅಂದರೆ ತಂಡ ಸೋಮಾರಿಯಾಗಿರಲಿಲ್ಲ. ಲಿಸ್ಟಿಂಗ್‌ನಲ್ಲಿ, ಅಂದರೆ ಆ್ಯಪ್‌ನಲ್ಲಿರುವ ಮನೆಯ ವಿವರದಲ್ಲಿ, ಎರಡು ಅಂಕಿ ಬದಲಾಗಿದ್ದವು. ನಾಲ್ಕು ಹೋಗಿ ಆರು, ಎರಡು ಹೋಗಿ ಒಂದು.

ಇದನ್ನು ಮಾಲೀಕರ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಅವರು ಸೋಫಾದ ವಿಷಯ ನನಗೆ ಫೋನ್‌ನಲ್ಲಿ ಹೇಳಿದ್ದರು. ನಾನು ಗಾಡಿ ಓಡಿಸುತ್ತಾ 'ಆಯ್ತು ಆಯ್ತು, ನೋಡ್ಕೋತೀವಿ' ಎಂದಿದ್ದೆ. ಏನನ್ನೂ ಬರೆದಿಡಲಿಲ್ಲ, ರೇಟೂ ಮಾತಾಡಲಿಲ್ಲ. ಮನೆಗೆ ಇಷ್ಟು ಎಂಬ ಒಂದೇ ದರದಲ್ಲಿ ಅರ್ಧದಷ್ಟು ಹೆಚ್ಚು ಹಾಸಿಗೆ ಕೆಲಸ ಒಪ್ಪಿಕೊಂಡುಬಿಟ್ಟಿದ್ದೆ. ತಂಡದವರು ಯಾಕೆ ಹೇಳಲಿಲ್ಲ ಎಂದು ಕೇಳಿದಾಗ ಕಿರಿಯವಳು ಹೇಳಿದ ಮಾತು ಇದು: 'ಟೈಮ್ ಸಾಲಲ್ಲ ಅಂದ್ರೆ ಕೆಲಸ ಬರಲ್ಲ ಅನ್ಕೋತೀರ ಅಂತ.' ಆ 64 ಸಾಲಿನ ಚೆಕ್‌ಲಿಸ್ಟ್‌ನಲ್ಲಿ 'ಸಮಯ ಸಾಲಲಿಲ್ಲ' ಎಂದು ಬರೆಯಲು ಒಂದು ಜಾಗ ಇರಲಿಲ್ಲ.

ಮೂರು ದಾರಿ

ಮಾಲೀಕರ ಮುಂದೆ ತೂಕದ ಚೀಟಿ, ಸಮಯದ ಚೀಟಿ ಎರಡನ್ನೂ ಇಟ್ಟೆ. ಮಾತು ಶುರುವಾದಾಗ ದನಿ ಎತ್ತರದಲ್ಲಿತ್ತು. 780 ಮತ್ತು 700 ನೋಡಿದ ಮೇಲೆ ತಗ್ಗಿತು. ಅಂಕಿಯ ಜೊತೆ ಜಗಳ ಆಡುವುದು ಕಷ್ಟ.

ಅವರ ಮೊದಲ ಸಲಹೆ: 'ಒಣಗಿಸೋಕೇ ಬೇರೆ ಡ್ರೈಯರ್ ತಗೊಳ್ಳೋಣ.' ಸರಿ ಅನ್ನಿಸುವ ಮಾತೇ. ಲೆಕ್ಕ ಹಾಕಿದೆವು. 11:40ಕ್ಕೆ ಮೊದಲ ಲೋಡ್ ಒಗೆಯಲು ಒಂದು ಗಂಟೆ. ಅದು ಒಣಗಲು ಒಂದೂಕಾಲು ಗಂಟೆ, ಆ ಹೊತ್ತಿಗೆ ಎರಡನೇ ಲೋಡ್ ಒಗೆದು ಕಾಯುತ್ತಿರುತ್ತದೆ. ಅದು ಒಣಗಲು ಮತ್ತೊಂದು ಒಂದೂಕಾಲು. ಹೊರಬರುವುದು 3:10ಕ್ಕೆ. ಅತಿಥಿ ಬಂದು ಹತ್ತು ನಿಮಿಷ ಆಗಿರುತ್ತದೆ. ಅದೂ ಎಲ್ಲ ಸರಿಯಾಗಿ ನಡೆದ ದಿನ.

ಎರಡನೆಯದು ಚೆಕ್‌ಇನ್ ಅನ್ನು 5ಕ್ಕೆ ಸರಿಸುವುದು. ಅವರು ಒಪ್ಪಲಿಲ್ಲ. ಮಧ್ಯಾಹ್ನ ಬಂದಿಳಿಯುವ ಕುಟುಂಬ ಐದರವರೆಗೆ ಸಾಮಾನು ಹಿಡಿದು ಎಲ್ಲಿ ಅಲೆಯಬೇಕು? 4ಕ್ಕೆ ಒಪ್ಪಿಸಿದೆ, ಅದೇ ದೊಡ್ಡದು.

ಮೂರನೆಯದನ್ನೇ ಹಿಡಿದೆವು. ಟರ್ನೋವರ್ ಸಮಯದೊಳಗಿಂದ ಬಟ್ಟೆ ಒಗೆಯುವುದನ್ನೇ ಹೊರಗೆ ಹಾಕುವುದು. ಪ್ರತಿ ಮಂಚಕ್ಕೆ, ಪ್ರತಿ ಅತಿಥಿಗೆ ಮೂರು ಸೆಟ್. ಒಂದು ಹಾಸಿಗೆ ಮೇಲೆ, ಒಂದು ಲಾಂಡ್ರಿಯಲ್ಲಿ, ಒಂದು ಬೀಗ ಹಾಕಿದ ಬೀರುವಿನಲ್ಲಿ. ಹೋಟೆಲ್‌ನವರು ಇದನ್ನು ಪಾರ್ ಲೆಕ್ಕ ಎನ್ನುತ್ತಾರೆ. ಎರಡು ಸೆಟ್ ಸಾಲದೇ ಎಂದು ಮಾಲೀಕರು ಚೌಕಾಶಿ ಮಾಡಿದರು. ಇವತ್ತು ಒಂದು ಟರ್ನೋವರ್, ನಾಳೆ ಇನ್ನೊಂದು. ಇವತ್ತು ಬಿಚ್ಚಿದ್ದು ನಾಳೆ 11ಕ್ಕೆ ಲಾಂಡ್ರಿಯಿಂದ ಬಂದಿರದಿದ್ದರೆ? ಒಂದು ಕವರ್‌ಗೆ ವೈನ್ ಚೆಲ್ಲಿದ್ದರೆ? ಎರಡು ಸೆಟ್ ಎಂದರೆ ತಪ್ಪೇ ಆಗದ ದಿನಕ್ಕೆ ಮಾತ್ರ.

ಒಪ್ಪಂದವನ್ನೂ ಬಿಡಿಸಿ ಬರೆದೆವು. ಬಟ್ಟೆ ಮಾಲೀಕರದು. ಲಾಂಡ್ರಿ ಖರ್ಚು ತೂಕದ ಮೇಲೆ, ಸ್ವಚ್ಛತೆಯ ದರದಿಂದ ಬೇರೆ. ಮಂಚ, ಅತಿಥಿ ಸಂಖ್ಯೆ, ಕನಿಷ್ಠ ರಾತ್ರಿ, ಈ ಮೂರರಲ್ಲಿ ಯಾವುದು ಬದಲಾದರೂ ವಾರ ಮುಂಚೆ ಬರೆದು ತಿಳಿಸಬೇಕು. ಫೋನ್‌ನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಆ ಕೊನೆಯ ಸಾಲು ನಿಜವಾಗಿ ನನಗೇ ಹಾಕಿಕೊಂಡ ಬೇಲಿ.

ಕೆಲಸದ ಕ್ರಮ ತಲೆಕೆಳಗಾಯಿತು

ಬಟ್ಟೆ ಚೀಲದಲ್ಲಿ ಸಿದ್ಧವಾಗಿ ಬಂದ ಮೇಲೆ ಹಾಸಿಗೆಗೆ ಕಾಯುವುದು ಇಲ್ಲವಾಯಿತು. ಕೊನೆಗೆ ಬರುತ್ತಿದ್ದ ಹಾಸಿಗೆ ಮೊದಲಿಗೆ ಬಂತು. ಈಗ ಹೀಗೆ: ಒಳಗೆ ಬಂದ ಕೂಡಲೇ ಕಿಟಕಿ ತೆಗೆದು ಫೋಟೋ. ಆಮೇಲೆ ಟಾಯ್ಲೆಟ್‌ಗೆ, ಸಿಂಕ್‌ಗೆ ಡಿಸ್‌ಇನ್ಫೆಕ್ಟೆಂಟ್ ಸ್ಪ್ರೇ ಮಾಡಿ ಬಿಟ್ಟುಬಿಡುವುದು. ಅದು ಲೇಬಲ್‌ನಲ್ಲಿ ಬರೆದಷ್ಟು ನಿಮಿಷ ಒದ್ದೆಯಾಗಿಯೇ ಇರಬೇಕು, ಆಗಲೇ ಅದರ ಕೆಲಸ. ಸ್ಪ್ರೇ ಮಾಡಿದ ಮರುಕ್ಷಣ ಒರೆಸಿದರೆ ವಾಸನೆ ಬಿಟ್ಟು ಬೇರೇನೂ ಸಿಗುವುದಿಲ್ಲ. ಮೊದಲು ನಾವು ಹಾಗೇ ಮಾಡುತ್ತಿದ್ದೆವು. ಈಗ ಅದು ತನ್ನ ಪಾಡಿಗೆ ಕೂತಿರುವಾಗ ಮಂಚಗಳು ಮುಗಿಯುತ್ತವೆ. ಆಸಿಡ್ ಕ್ಲೀನರ್ ಅನ್ನು ಕಿಟ್‌ನಿಂದಲೇ ತೆಗೆದುಹಾಕಿದೆ. ಕಲ್ಲುಗಟ್ಟಿದ ಕಲೆ ಇದ್ದರೆ ಅದಕ್ಕೆ ಬೇರೆ ದಿನ, ಬೇರೆ ಚೀಲ.

ಬಟ್ಟೆ ಬಿಚ್ಚುವಾಗ ಮ್ಯಾಟ್ರೆಸ್ ಅಂಚಿನ ಹೊಲಿಗೆ ನೋಡಲು ಈಗ ಅರ್ಧ ನಿಮಿಷ ಸಿಗುತ್ತದೆ. ಕಪ್ಪು ಚುಕ್ಕೆ, ತುಕ್ಕಿನ ಬಣ್ಣದ ಕಲೆ, ಕಳಚಿದ ಸಿಪ್ಪೆ ಕಂಡರೆ ತಿಗಣೆ. ಅವಸರದಲ್ಲಿ ಇದನ್ನು ಯಾರೂ ನೋಡುತ್ತಿರಲಿಲ್ಲ. ಆ ಮನೆಯಲ್ಲಿ ಇದುವರೆಗೆ ಸಿಕ್ಕಿಲ್ಲ. ಸಿಕ್ಕಿದ್ದರೆ ಈ ಲೇಖನ ಬೇರೆಯೇ ಆಗುತ್ತಿತ್ತು.

ಮಂಚ ಆದ ಮೇಲೆ ಮೇಲಿಂದ ಕೆಳಗೆ ಧೂಳು. ನಂತರ ಅಡುಗೆಮನೆ. ಬಾತ್‌ರೂಮ್‌ನಲ್ಲಿ ನೆಲಕ್ಕೆ ನೀರು ಬೀಳುವ ಮೊದಲು ಒಣ ನೆಲದಲ್ಲೇ ವ್ಯಾಕ್ಯೂಮ್‌ನಿಂದ ಕೂದಲು ಎತ್ತುತ್ತೇವೆ. ಕೊನೆಗೆ ಒಳಗಿನ ಕೋಣೆಯಿಂದ ಶುರುಮಾಡಿ ಬಾಗಿಲ ಕಡೆಗೆ ಹಿಂದೆ ಹಿಂದೆ ಬರುತ್ತಾ ನೆಲ. ಒರೆಸಿದ ಜಾಗಕ್ಕೆ ಮತ್ತೆ ಕಾಲಿಡುವಂತಿಲ್ಲ. ಇಬ್ಬರಿಗೆ ಮೂರೂವರೆ ಗಂಟೆ ಹಿಡಿಯುತ್ತಿದ್ದ ಕೆಲಸ ಈಗ ಎರಡು ಮುಕ್ಕಾಲು ಗಂಟೆ. ಯಾರೂ ಮೊದಲಿಗಿಂತ ಬೇಗ ಕೈ ಆಡಿಸುತ್ತಿಲ್ಲ. ಮೆಷಿನ್ ಮುಂದೆ ನಿಲ್ಲುವುದು ತಪ್ಪಿದೆ, ಅಷ್ಟೇ.

ಚೆಕ್‌ಲಿಸ್ಟ್ 64ರಿಂದ 19 ಸಾಲಿಗೆ ಇಳಿಯಿತು. ಕೊನೆಯ ಎರಡು ಹೊಸವು: 'ಎಷ್ಟು ಗಂಟೆಗೆ ಮುಗಿಯಿತು', 'ಏನು ಬಿಟ್ಟುಹೋಯಿತು'.

ಮೊದಲ ತಿಂಗಳು ಮಾತ್ರ ರಂಪ. ಬಿಳಿ ಬಟ್ಟೆ ಎಲ್ಲ ಒಂದೇ ಥರ. ಸೋಫಾದ ಶೀಟ್ ಯಾವುದು, ದೊಡ್ಡ ಮಂಚದ್ದು ಯಾವುದು? ಬಿಡಿಸಿ ನೋಡಿ, ಮತ್ತೆ ಮಡಚಿ, ಹತ್ತು ನಿಮಿಷ ಹಾಳು. ಕಿರಿಯವಳು ಮೂಲೆಗೆ ಬಣ್ಣದ ದಾರದಲ್ಲಿ ಒಂದು ಹೊಲಿಗೆ ಹಾಕಿದಳು. ನೀಲಿ ದೊಡ್ಡ ಮಂಚ, ಹಸಿರು ಚಿಕ್ಕದು, ಕೆಂಪು ಸೋಫಾ. ಒಂದು ಸಲ ಲಾಂಡ್ರಿಯಿಂದ ದಿಂಬಿನ ಕವರ್ ಒಂದು ಕಮ್ಮಿ ಬಂತು. ಅಂದಿನಿಂದ ಚೀಲ ಕೊಡುವಾಗ ಎಣಿಕೆ, ತಗೊಳ್ಳುವಾಗ ಎಣಿಕೆ. ಟವೆಲ್‌ಗೆ ಮೇಕಪ್ ಕಲೆ ದೊಡ್ಡ ತಲೆನೋವಾಗಿತ್ತು. ಬಾತ್‌ರೂಮ್‌ನಲ್ಲಿ ಕಪ್ಪು ಬಣ್ಣದ ಚಿಕ್ಕ ಟವೆಲ್ ಇಟ್ಟು 'ಮೇಕಪ್‌ಗೆ' ಎಂದು ಬರೆದೆವು. ಬಿಳಿ ಟವೆಲ್ ಹಾಳಾಗುವುದು ಬಹಳ ಕಮ್ಮಿಯಾಯಿತು. ರಕ್ತದ ಕಲೆ ಕಂಡರೆ ಚೀಲಕ್ಕೆ ಹಾಕುವ ಮೊದಲು ತಣ್ಣೀರಿನಲ್ಲಿ ಅದ್ದುತ್ತೇವೆ. ಬಿಸಿನೀರು ತಾಗಿದರೆ ರಕ್ತದಲ್ಲಿರುವ ಪ್ರೋಟೀನ್ ನೂಲಿಗೆ ಗಟ್ಟಿಯಾಗಿ ಹಿಡಿದುಬಿಡುತ್ತದೆ.

ದೂರು ಪೂರ್ತಿ ನಿಂತಿತಾ? ಇಲ್ಲ. ಮೂರನೇ ತಿಂಗಳಲ್ಲಿ ಸೋಫಾ ಮಡಿಕೆಯೊಳಗೆ ಕೂದಲು ಮತ್ತು ಅರ್ಧ ಬಿಸ್ಕತ್ತು ಸಿಕ್ಕಿತು ಎಂದು ಒಬ್ಬರು ಬರೆದರು. ಆ ಅತಿಥಿಗಳು ಸೋಫಾ ಬಿಡಿಸುವುದಿಲ್ಲ ಎಂದಿದ್ದರು, ನಾವೂ ಬಿಡಿಸಿ ನೋಡಿರಲಿಲ್ಲ. ಅದು ನಮ್ಮದೇ ತಪ್ಪು, ಇಲ್ಲಿ ಮೆಷಿನ್ ಮೇಲೆ ಹಾಕಲು ಏನೂ ಇಲ್ಲ. ಒದ್ದೆ ಹಾಸಿಗೆಯ ದೂರು ಮಾತ್ರ ಮತ್ತೆ ಬರಲಿಲ್ಲ.

ಹಿರಿಯ ಸಹೋದ್ಯೋಗಿ ಎರಡು ತಿಂಗಳ ನಂತರ ಕೆಲಸ ಬಿಟ್ಟರು. ಕಾರಣ ಬೇರೆ ಎಂದರು. ನಾನು ರೇಗಾಡಿದ ಆ ಎರಡು ದಿನ ಅದರಲ್ಲಿ ಸೇರಿತ್ತು ಎಂದೇ ನನ್ನ ಅನುಮಾನ. ತಕ್ಕಡಿ ಮೊದಲು ತೆಗೆದುಕೊಂಡು ಹೋಗಿದ್ದರೆ ಆ ಮಾತುಗಳನ್ನು ಆಡುತ್ತಲೇ ಇರಲಿಲ್ಲ.

ಹೋದ ವಾರ ಮಾಲೀಕರಿಂದ ಮೆಸೇಜ್ ಬಂತು, ಬರಹದಲ್ಲೇ: ಮುಂದಿನ ತಿಂಗಳಿಂದ ಒಂದು ಮಗುವಿನ ತೊಟ್ಟಿಲು ಇಡುತ್ತಾರಂತೆ. ಅದರ ಶೀಟ್ ತೂಗಿದೆವು. 200 ಗ್ರಾಂ. ಮೂರು ಸೆಟ್ ಬರೆದುಕೊಂಡು, ಮೂಲೆಗೆ ಹಳದಿ ದಾರ ಹಾಕಿದ್ದೇವೆ.